ಪಡಸಾಲೆಯ ಮಾತು: ಚಿತ್ರಕ್ಕೆ ಕೂತವರು

ನಮ್ಮ ಬೇಗಂಪೇಟೆಯ ಹೆಸರು ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಸೇರಿದ್ದು ಒಂದು ಸೊಳ್ಳೆಯ ದೆಸೆಯಿಂದ. ಇದನ್ನು ಈ ಪುಟದ ವಾಚಕರಲ್ಲಿ ಹಲವರು ಬಲ್ಲರು. ಬಲ್ಲವರು ಒಂದು ಪ್ಯಾರಾ ದಾಟಿ ಮುಂದೆ ಹೋಗಬಹುದು. 1897ನೆಯ ಇಸವಿ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಎಂಬ ಸೈನ್ಯದ ಡಾಕ್ಟರನು ಇಲ್ಲಿಯ ಒಂದು ಕಟ್ಟಡದಲ್ಲಿ ಕುಳಿತು, ಸೊಳ್ಳೆಯ ಹೊಟ್ಟೆಯನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಮಲೇರಿಯಾ ಜ್ವರದ ಗುಟ್ಟನ್ನು ಹಿಡಿದನು. 1902ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಕಟ್ಟಡವಿದೆ, ಅದರ ಮೇಲೆ ಅವನ ಹೆಸರಿದೆ. ಆದರೆ ಆ ಸೊಳ್ಳೆಯ ಹೊಟ್ಟೆಯಲ್ಲಿದ್ದ ರಕ್ತ ರಾಸ್ ಸಾಹೇಬನದಲ್ಲ. ಹುಸೇನ್ ಖಾನ್ ಎಂಬ ರೋಗಿಯದು. ಸೊಳ್ಳೆಗೊಂದಾಣೆಯಂತೆ ಕೂಲಿ ಪಡೆದು, ಸೊಳ್ಳೆಪರದೆಯೊಳಗೆ ಮಲಗಿ ಕಚ್ಚಿಸಿಕೊಂಡವನು ಆತ. ಆಮೇಲೆ ಅವನೇನಾದ, ಆ ಆಣೆಗಳಿಂದ ಏನು ಕೊಂಡ ಎಂಬುದನ್ನು ಯಾರೂ ಬರೆದಿಡಲಿಲ್ಲ.

ಹುಸೇನ್ ಖಾನನು ಈ ಸಲ ನಮ್ಮ ನೆನಪಿಗೆ ಬಂದದ್ದು ದೀಪಾವಳಿಯ ಸುಣ್ಣಬಣ್ಣದ ಗಡಿಬಿಡಿಯಲ್ಲಿ, ಅದೂ ನಮ್ಮ ಮನೆಯಾಕೆಯ ಬಾಯಿಂದ. ಅದನ್ನು ಕ್ರಮವಾಗಿ ಹೇಳುತ್ತೇವೆ.

ನಮ್ಮ ಪಡಸಾಲೆಯ ಗೋಡೆಯ ಮೇಲೆ ಒಂದು ಹಳೆಯ ಸರಸ್ವತಿಯ ಚಿತ್ರವಿದೆ. ಬಂಡೆಯ ಮೇಲೆ ಕುಳಿತು ವೀಣೆ ನುಡಿಸುತ್ತಿರುವ, ಪಕ್ಕದಲ್ಲಿ ನವಿಲಿರುವ, ರವಿವರ್ಮನ ಅಚ್ಚಿನ ಸರಸ್ವತಿ. ನಮ್ಮ ಅಜ್ಜ ಕಲಬುರ್ಗಿಯಲ್ಲಿ ಕೊಂಡು ಕಟ್ಟು ಹಾಕಿಸಿದ್ದು. ರಜಾಕಾರರ ಗಲಾಟೆಯ ಕಾಲಕ್ಕೆ ಮನೆಮಂದಿಯೆಲ್ಲ ಸೊಲ್ಲಾಪುರಕ್ಕೆ ಹೊರಟಾಗ ಅಜ್ಜ ಗಾಜು ಕಟ್ಟು ಎರಡನ್ನೂ ಬಿಚ್ಚಿಟ್ಟು, ಚಿತ್ರವನ್ನು ಮಾತ್ರ ಧೋತರದಲ್ಲಿ ಸುತ್ತಿ ಒಯ್ದರಂತೆ. ಅದರ ಎರಡು ಮಡಿಕೆಯ ಗುರುತು ಇಂದಿಗೂ ದೇವಿಯ ಮೊಣಕಾಲ ಮೇಲೆ ಕಾಣುತ್ತದೆ. ಈ ವರ್ಷ ಬಣ್ಣದವನ ಏಣಿ ತಗಲಿ ಗಾಜು ಒಡೆಯಿತು. ಚೂರುಗಳನ್ನು ಆಯ್ದು, ಚಿತ್ರವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ನಾವು ಕುಳಿತಿದ್ದಾಗ ನಮ್ಮ ತಂಗಿಯ ಮಗಳು ಬಂದಳು. ಚಿತ್ರಕಲೆ ಓದುತ್ತಿರುವ ಹುಡುಗಿ. ಬಂದವಳೇ ಬಗ್ಗಿ ನೋಡಿ, “ಮಾಮಾ, ಇದು ಯಾರು?” ಎಂದಳು.

ಈಗಿನ ಹುಡುಗರಿಗೆ ದೇವರ ಗುರುತೂ ಸಿಕ್ಕದಾಯಿತಲ್ಲ ಎಂದು ನಿಟ್ಟುಸಿರು ಬಿಟ್ಟು, “ಸರಸ್ವತಿ, ತಾಯಿ” ಎಂದೆವು.

“ಸರಸ್ವತಿ ಅನ್ನೂದು ನನಗೂ ಗೊತ್ತದ ಮಾಮಾ. ಕೂತಿದ್ದಾಕಿ ಯಾರು ಅಂತ ಕೇಳಿದೆ.”

ನಮಗೆ ಉತ್ತರ ಹೊಳೆಯಲಿಲ್ಲ. ಎಪ್ಪತ್ತು ವರ್ಷ ಆ ಮುಖಕ್ಕೆ ಕೈ ಮುಗಿದಿದ್ದೇವೆ. ಪರೀಕ್ಷೆಗೆ ಹೋಗುವ ಮುನ್ನ, ನೌಕರಿಯ ಅರ್ಜಿ ಹಾಕುವ ಮುನ್ನ, ಈ ಅಂಕಣ ಬರೆಯಲು ಕೂಡುವ ಮುನ್ನವೂ ಮುಗಿದಿದ್ದೇವೆ. ಯಾವಳೋ ಒಬ್ಬ ಹೆಂಗಸು ಯಾವುದೋ ಕೋಣೆಯಲ್ಲಿ ಬೆನ್ನು ನೋಯುವವರೆಗೆ ವೀಣೆ ಹಿಡಿದು ಕೂತಿದ್ದಿರಬೇಕು ಎಂಬ ಯೋಚನೆ ಒಂದು ದಿನವೂ ಬಂದಿರಲಿಲ್ಲ.

ಮೈಸೂರಿಗೆ ಹೋದವರೆಲ್ಲ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ನೋಡಿರುತ್ತಾರೆ. ಅಲ್ಲಿ ರವಿವರ್ಮನು 1889ರಲ್ಲಿ ಬರೆದ ‘ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್’ ಎಂಬ ಚಿತ್ರವಿದೆ. ಹನ್ನೊಂದು ಮಂದಿ ಸಂಗೀತದ ಹೆಂಗಸರು, ಒಬ್ಬೊಬ್ಬರದು ಒಂದೊಂದು ದೇಶದ ಉಡುಗೆ. ಆ ಹನ್ನೊಂದು ಮಂದಿಯಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತಿದೆಯೆ? ಅದೇ ಚಿತ್ರಶಾಲೆಯಲ್ಲಿ, ಕೈ ಅಡ್ಡ ಹಿಡಿದು ದೀಪವನ್ನು ಕಾಯುತ್ತ ನಿಂತ ಹೆಣ್ಣಿನ ಚಿತ್ರವೊಂದಿದೆಯಲ್ಲ, ಅದನ್ನು ನೋಡಲಿಕ್ಕೆಂದೇ ಜನ ಹೋಗುತ್ತಾರೆ. ಹೋದವರಲ್ಲಿ ಮುಕ್ಕಾಲು ಪಾಲು ಅದನ್ನೂ ರವಿವರ್ಮನ ಲೆಕ್ಕಕ್ಕೇ ಬರೆಯುತ್ತಾರೆ. ನಾವೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆವು. ಅದು ಸಾವಂತವಾಡಿಯ ಎಸ್. ಎಲ್. ಹಳದಣಕರರದು. ದೀಪ ಹಿಡಿದು ನಿಂತವರು ಅವರ ಮಗಳೇ, ಗೀತಾ ಎಂದು ಹೆಸರು. ಆ ತಾಯಿ ನೂರು ದಾಟಿ ಬದುಕಿದ್ದು 2018ರಲ್ಲಿ ತೀರಿಕೊಂಡಾಗ ಪತ್ರಿಕೆಗಳಲ್ಲಿ ಸುದ್ದಿ ಬಂತು. ಆಗಲೇ ನಮ್ಮಲ್ಲಿ ಅನೇಕರಿಗೆ ಆ ದೀಪದ ಹಿಂದಿನ ಮುಖಕ್ಕೆ ಒಂದು ಹೆಸರಿತ್ತೆಂದು ತಿಳಿದದ್ದು.

ಇರಲಿ. ನಮ್ಮ ಸರಸ್ವತಿಯ ಗುರುತು ಹತ್ತಲಿಲ್ಲ. ಆದರೆ ಹುಡುಗಿ ಬಿಡುವವಳಲ್ಲ. ರವಿವರ್ಮನಿಗೆ ಚಿತ್ರಕ್ಕೆ ಕೂತವರಲ್ಲಿ ಹೆಸರು ಉಳಿದವರು ಒಬ್ಬರಿದ್ದಾರೆ, ಅಂಜನೀಬಾಯಿ ಮಾಲ್ಪೇಕರ್ ಎಂದು, ಅವರ ಸಂಗತಿ ಗೊತ್ತೆ ಎಂದು ಕೇಳಿದಳು. ನಾವು ‘ಇಲ್ಲ’ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯಿಂದ ನಮ್ಮ ಮನೆಯಾಕೆಯ ದನಿ ಬಂತು:

“ಅವರು ಕುಮಾರ ಗಂಧರ್ವರ ಗುರುಗಳು. ಅಷ್ಟು ಮೊದಲು ಹೇಳವಾ.”

ಆಕೆ ಧಾರವಾಡದ ಕಡೆಯವಳು. ಹಿಂದೂಸ್ತಾನಿ ಸಂಗೀತದ ಮಾತು ಬಂದರೆ ಒಲೆಯ ಮೇಲಿನ ಹಾಲನ್ನೂ ಮರೆಯುತ್ತಾಳೆ. ಅಂದು ಮರೆತದ್ದೂ ನಿಜ. ಆದರೆ ಅದನ್ನು ಬರೆಯಬಾರದೆಂದು ಆಜ್ಞೆಯಾಗಿದೆ. ಆಜ್ಞೆಯ ಕಾರಣ ಮುಂದೆ ಬರುತ್ತದೆ.

ಅಂಜನೀಬಾಯಿ ಹುಟ್ಟಿದ್ದು 1883ರಲ್ಲಿ. ಮನೆತನ ಗೋವೆಯದು, ಪೆಡ್ಣೆಯ ಹತ್ತಿರದ ಮಾಲ್ಪೆ ಎಂಬ ಊರಿನದು. ನಮ್ಮ ಉಡುಪಿಯ ಮಲ್ಪೆಯಲ್ಲ. ಅಜ್ಜಿ ಗಾಯಿಕೆ, ತಾಯಿ ಗಾಯಿಕೆ. ದೇವಸ್ಥಾನದ ಸೇವೆಯಲ್ಲಿದ್ದ ಕಲಾವಂತ ಮನೆತನಗಳ ಹೆಂಗಸರು ಹಾಡು ಕುಣಿತಗಳನ್ನು ವಂಶದ ಸೊತ್ತಾಗಿ ಕಾಪಾಡಿಕೊಂಡು ಬಂದವರು. ಸಮಾಜ ಅವರ ಹಾಡನ್ನು ಕೇಳಿತು, ಮರ್ಯಾದೆಯನ್ನು ಮಾತ್ರ ಕೊಡಲಿಲ್ಲ. ಹೊಟ್ಟೆಪಾಡಿಗೂ ವಿದ್ಯೆಗೂ ಆ ಮನೆಗಳವರು ಮುಂಬಯಿಗೆ ಬಂದರು. ಎಂಟನೆಯ ವಯಸ್ಸಿನಲ್ಲಿ ಹುಡುಗಿಯನ್ನು ಉಸ್ತಾದ್ ನಜೀರ್ ಖಾನರ ಮುಂದೆ ಕೂಡಿಸಿದರು. ಈ ನಜೀರ್ ಖಾನರೂ ಅವರ ಅಣ್ಣತಮ್ಮಂದಿರೂ ಉತ್ತರದ ಮುರಾದಾಬಾದಿನ ಸೀಮೆಯಿಂದ ಬಂದು ಮುಂಬಯಿಯ ಭೇಂಡಿ ಬಜಾರಿನಲ್ಲಿ ನೆಲೆಸಿದವರು. ಅವರ ಗಾಯನಕ್ಕೆ ಭೇಂಡಿ ಬಜಾರಿನ ಘರಾಣೆಯೆಂದೇ ಹೆಸರಾಯಿತು. ದೀರ್ಘವಾದ ಉಸಿರು, ಬಾಯಿ ತೆರೆದ ಆಕಾರ, ಸ್ವರದಿಂದ ಸ್ವರಕ್ಕೆ ಜಾರುವ ನಯವಾದ ಮೀಂಡು ಇವು ಅವರ ಲಕ್ಷಣ. (ಕರ್ನಾಟಕ ಸಂಗೀತದ ಅಭಿಮಾನಿಗಳಿಗೆ ಒಂದು ಸಂತೋಷದ ಸುದ್ದಿ: ನಮ್ಮ ಹಂಸಧ್ವನಿ ಉತ್ತರದವರ ಕಛೇರಿಗಳಲ್ಲಿ ಬೇರೂರಿದ್ದರಲ್ಲಿ ಈ ಘರಾಣೆಯ ಅಮಾನ್ ಅಲಿ ಖಾನರ ಪಾಲು ದೊಡ್ಡದು.)

1899ರಲ್ಲಿ, ಹದಿನಾರರ ಹುಡುಗಿ ಮುಂಬಯಿಯಲ್ಲಿ ಮೊದಲ ಕಛೇರಿ ಮಾಡಿದಳು. ಈ ವರ್ಷವನ್ನು ವಾಚಕರು ನೆನಪಿಡಬೇಕು. ರವಿವರ್ಮನು ಆಕೆಯನ್ನು ಕಂಡದ್ದು 1901ರ ಸುಮಾರಿಗೆ ಎನ್ನುತ್ತಾರೆ. ಆಗ ಅವನಿಗೆ ಐವತ್ತಮೂರು, ಆಕೆಗೆ ಹದಿನೆಂಟು. ಅವನ ಚಿತ್ರಗಳು ಅರಮನೆಗಳಿಂದ ಇಳಿದು ಅಚ್ಚಿನ ಮೂಲಕ ನಮ್ಮ ಅಜ್ಜನಂಥವರ ಪಡಸಾಲೆಗಳಿಗೆ ನುಗ್ಗಿದ್ದ ಕಾಲ ಅದು. ಮುಂದಿನ ಎರಡು ಮೂರು ವರ್ಷಗಳ ಹಲವು ಚಿತ್ರಗಳಲ್ಲಿ ಆಕೆಯ ಚಹರೆಯಿದೆಯೆಂಬುದು ಜನಜನಿತ. ಉಯ್ಯಾಲೆಯ ಮೇಲಿನ ಮೋಹಿನಿ ಆಕೆ ಎನ್ನುತ್ತಾರೆ. ಸ್ವರಬತ್ತು ನುಡಿಸುವ ಹೆಂಗಸು ಆಕೆ ಎನ್ನುತ್ತಾರೆ.

ನಮ್ಮ ಸೊಸೆಮುದ್ದು ಇಲ್ಲಿ ಒಂದು ತಕರಾರು ಎತ್ತಿದಳು, ಅದು ನಮಗೆ ಮೆಚ್ಚಿಗೆಯಾಯಿತು. ಬೆಳದಿಂಗಳಲ್ಲಿ ಕುಳಿತ ಹೆಣ್ಣಿನ ಚಿತ್ರವನ್ನೂ ಜನ ಅಂಜನೀಬಾಯಿಯ ಹೆಸರಿಗೇ ಹಚ್ಚುತ್ತಾರಂತೆ. ಆದರೆ ಅದು 1889ರ ಚಿತ್ರವೆಂದು ದಾಖಲೆ. ಆಗ ಈಕೆಗೆ ಆರು ವರ್ಷ. “ಚೆಂದದ ಹೆಂಗಸಿನ ಚಿತ್ರ ಕಂಡ್ರ ಸಾಕು ಮಾಮಾ, ಗೊತ್ತಿದ್ದ ಒಂದೇ ಹೆಸರು ಹಚ್ಚಿಬಿಡ್ತಾರ. ಉಳಿದವರು ಹೋದ್ರು.” ನಿಜವಾದ ಮಾತು. ಒಬ್ಬಳಿಗೆ ಕೀರ್ತಿ ಬಂದರೆ ಅದು ಹೆಸರಿಲ್ಲದ ಇನ್ನೊಬ್ಬಳ ಮುಖವನ್ನೂ ನುಂಗಿಕೊಂಡು ಬರಬಹುದು.

ಇಲ್ಲಿ ನಮ್ಮ ಹೈದರಾಬಾದಿಗೂ ಒಂದು ಎಳೆ ಇದೆ. ಅದೇ ಕಾಲಕ್ಕೆ, 1902ರಲ್ಲಿ, ರವಿವರ್ಮನು ತಮ್ಮ ರಾಜರಾಜವರ್ಮನೊಡನೆ ಈ ಊರಿಗೆ ಬಂದಿದ್ದನು. ತಮ್ಮನೂ ಒಳ್ಳೆಯ ಚಿತ್ರಗಾರ. ಅದಕ್ಕಿಂತ ಮುಖ್ಯವಾಗಿ ದಿನಚರಿ ಇಡುತ್ತಿದ್ದ ಪುಣ್ಯಾತ್ಮ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಭಾವಚಿತ್ರ ಬರೆಯುವ ಆಸೆಯಿಂದ ಬಂದು, ಪ್ರಸಿದ್ಧ ಛಾಯಾಚಿತ್ರಕಾರ ರಾಜಾ ದೀನದಯಾಳರ ಅತಿಥಿಗಳಾಗಿ ಉಳಿದು ಕಾದರು. ಕಾದದ್ದೇ ಬಂತು, ಎಣಿಸಿ ಬಂದ ಕೆಲಸ ಕೈಗೂಡಲಿಲ್ಲ. ಚಿತ್ರಕ್ಕೆ ಕೂಡುವುದು ಬಿಡುವುದು ತನ್ನ ಮರ್ಜಿಯೆಂದು ಹೇಳುವ ಸ್ವಾತಂತ್ರ್ಯ ನಿಜಾಮನಿಗಿತ್ತು. ದೀನದಯಾಳರು 1892ರಲ್ಲಿಯೇ ಪರದೆಯೊಳಗಿನ ಹೆಂಗಸರಿಗಾಗಿ ಬೇರೆ ಒಂದು ಜನಾನಾ ಸ್ಟುಡಿಯೊ ತೆರೆದು, ಅಲ್ಲಿ ಚಿತ್ರ ತೆಗೆಯಲು ಶ್ರೀಮತಿ ಕೆನಿ-ಲೆವಿಕ್ ಎಂಬ ಆಂಗ್ಲ ಮಹಿಳೆಯನ್ನು ಇಟ್ಟಿದ್ದರು. ನವಾಬರ ಮನೆಯ ಬೇಗಮರಿಗೆ ಅಷ್ಟು ಕಾವಲು. ಹಾಡುವ ಮನೆತನದ ಹುಡುಗಿಗೆ ಆ ಪರದೆಯೂ ಇಲ್ಲ, ಆ ಕಾವಲೂ ಇಲ್ಲ. ಆಕೆಯ ಮುಖ ಒಮ್ಮೆ ಚಿತ್ರಕ್ಕೆ ಬಂತೆಂದರೆ ನಾಲ್ಕಾಣೆ ಕೊಟ್ಟವನ ಗೋಡೆಗೂ ಬಂದಂತೆಯೇ. ಹಾಡು ಕೇಳುವ ನೆಪದಿಂದ ಬಾಗಿಲಿಗೆ ಬರುವವರೆಲ್ಲ ಹಾಡಿಗೆಂದೇ ಬರುತ್ತಿದ್ದರೆಂದು ನಂಬುವಷ್ಟು ಮುಗ್ಧರು ನಮ್ಮ ವಾಚಕರಲ್ಲಿ ಇರಲಾರರು.

1904ರಲ್ಲಿ ಅಂಜನೀಬಾಯಿಯ ದನಿ ಹೋಯಿತು. ಇಪ್ಪತ್ತೊಂದು ವರ್ಷದ ಗಾಯಿಕೆಗೆ ಕಂಠವೇ ಇಲ್ಲ. ಏಕೆ ಹೋಯಿತೆಂಬುದರ ಮೇಲೆ ಕಥೆಗಳು ಬಹಳ. ಅವುಗಳನ್ನು ಇಲ್ಲಿ ಹೇಳುವುದಿಲ್ಲ. ವರ್ಷಕ್ಕೂ ಮಿಕ್ಕಿ ಆಕೆ ಹಾಡದೆ ಇದ್ದರು ಎಂಬುದಷ್ಟೇ ನಮಗೆ ಬೇಕಾದದ್ದು. ಚಿತ್ರಕ್ಕೆ ಕೂಡಲು ದನಿ ಬೇಕಿಲ್ಲ. ಮುಖ ಹಾಗೆಯೇ ಇತ್ತು. ಆ ಮುಖವನ್ನು ಬೇಡುವವರಿಗೆ ಆ ಊರಿನಲ್ಲಿ ಬರವೂ ಇರಲಿಲ್ಲ. ಆಕೆ ಮಾಡಿದ್ದು, ಮತ್ತೆ ಷಡ್ಜದಿಂದ ಸಾಧನೆಗೆ ತೊಡಗಿದ್ದು. ದನಿ ಮರಳಿತು. ಮರಳಿ ವೇದಿಕೆಗೆ ಬಂದು ಬಹಳ ವರ್ಷ ಹಾಡಿದರು. 1906ರ ಅಕ್ಟೋಬರದಲ್ಲಿ ರವಿವರ್ಮನು ಕಿಳಿಮಾನೂರಿನಲ್ಲಿ ತೀರಿಕೊಂಡನು. ಅವನ ಹಿಂದೆ ಅಂಜನೀಬಾಯಿ ಬದುಕಿದ್ದು ಇನ್ನೂ ಅರವತ್ತೆಂಟು ವರ್ಷ.

ಈ ಅರವತ್ತೆಂಟು ವರ್ಷ ಏಕೆ ಮುಖ್ಯವೆಂದರೆ, ಕಥೆ ಬರೆಯುವವರಿಗೆ ಅವು ಬೇಕಿಲ್ಲ. ರವಿವರ್ಮನ ಮೇಲೆ ರಣಜಿತ ದೇಸಾಯರ ಮರಾಠಿ ಕಾದಂಬರಿ ಬಂತು. ಅದರ ಮೇಲೆ 2014ರಲ್ಲಿ ‘ರಂಗ್ ರಸಿಯಾ’ ಎಂಬ ಹಿಂದಿ ಚಿತ್ರ ತೆರೆ ಕಂಡಿತು. ಅದರಲ್ಲಿ ಚಿತ್ರಕ್ಕೆ ಕೂಡುವವಳು ಸುಗಂಧಾ ಎಂಬ ಕಲ್ಪಿತ ಹೆಣ್ಣು. ಪ್ರೀತಿಸುತ್ತಾಳೆ, ಲೋಕನಿಂದೆಗೆ ಗುರಿಯಾಗುತ್ತಾಳೆ, ಕಡೆಗೆ ಪ್ರಾಣ ಕಳೆದುಕೊಳ್ಳುತ್ತಾಳೆ. ನೋಡುವವರಿಗೆ ಕಣ್ಣೀರು ಬರುತ್ತದೆ. ಚಿತ್ರಕಾರನ ಕಥೆ ಮುಂದುವರಿಯುತ್ತದೆ. ಕವಿಗೋ ಚಿತ್ರಕಾರನಿಗೋ ಸ್ಫೂರ್ತಿಯಾದವಳು, ಇಂಗ್ಲೀಷಿನವರು ‘ಮ್ಯೂಸ್’ ಎನ್ನುತ್ತಾರಲ್ಲ ಆಕೆ, ಸಕಾಲದಲ್ಲಿ ಸತ್ತರೆ ಬರೆಯುವವನಿಗೆ ಅನುಕೂಲ. ಎದ್ದು ಮನೆಗೆ ಹೋಗಿ ತಂಬೂರಿ ಶ್ರುತಿ ಮಾಡಿಕೊಂಡು ಕುಳಿತಳೆಂದರೆ ಅಧ್ಯಾಯ ಮುಗಿಸುವುದು ಹೇಗೆ?

ಪ್ಯಾರಿಸ್ಸಿನಲ್ಲಿ ಸುಜಾನ್ ವಲಡಾನ್ ಎಂಬಾಕೆ ಇದ್ದಳು; ಅಂಜನೀಬಾಯಿಗಿಂತ ಹದಿನೆಂಟು ವರ್ಷ ಹಿರಿಯಳು. ಬಡ ಕೆಲಸದವಳ ಮಗಳು, ಸರ್ಕಸ್ಸಿನಲ್ಲಿ ಸೇರಿ ಮೇಲಿನಿಂದ ಬಿದ್ದು ಆ ದಾರಿ ಮುಚ್ಚಿದ ಮೇಲೆ ಚಿತ್ರಕಾರರಿಗೆ ಕೂಡತೊಡಗಿದಳು. ರೆನ್ವಾರನ 1883ರ ಪ್ರಸಿದ್ಧ ನೃತ್ಯದ ಚಿತ್ರದಲ್ಲಿ ಕುಣಿಯುತ್ತಿರುವವಳು ಆಕೆಯೇ. ಆದರೆ ಕೂತಲ್ಲಿ ಸುಮ್ಮನೆ ಕೂಡದೆ, ಅವರು ಗೆರೆ ಎಳೆಯುವ ಬಗೆ, ಬಣ್ಣ ಕಲಸುವ ಬಗೆ ನೋಡಿ ನೋಡಿ ಕಲಿತಳು. ಡೆಗಾ ಎಂಬ ಮಹಾಕಟುವಾದ ಚಿತ್ರಕಾರ ಆಕೆಯ ರೇಖಾಚಿತ್ರಗಳನ್ನು ದುಡ್ಡು ಕೊಟ್ಟು ಕೊಂಡ. 1894ರಲ್ಲಿ ಅಲ್ಲಿಯ ರಾಷ್ಟ್ರೀಯ ಕಲಾಸಂಘದ ಪ್ರದರ್ಶನದಲ್ಲಿ ಆಕೆಯ ಕೃತಿಗಳು ತೂಗಿದವು. ನಮ್ಮ ಹುಡುಗಿಗೆ ಆಕೆಯೆಂದರೆ ಪ್ರಾಣ. “ಈಕಿನೂ ಹಂಗೇ ಅಲ್ಲೇನು ಮಾಮಾ? ಮೊದಲ ಕೂತಿದ್ದು, ಆಮ್ಯಾಲ ಸ್ವಂತ ಕಲಾವಿದೆ ಆಗಿದ್ದು?”

“ಅಲ್ಲ” ಎಂದಳು ನಮ್ಮ ಮನೆಯಾಕೆ, ಕೈಯೊರೆಸಿಕೊಂಡು ಬಂದು ಮೇಜಿನ ಬಳಿ ಕುಳಿತು. “ಆಕಿ ಮೊದಲ ಕೂತು ಆಮ್ಯಾಲ ಕಲಿತಳು. ಅಂಜನೀಬಾಯಿಯವರು ಮೊದಲೇ ಕಲಿತಿದ್ದರು. ಎಂಟು ವರ್ಷ ತಾಲೀಮು ಆಗಿ, ಕಛೇರಿ ಆಗಿ, ಎರಡು ವರ್ಷ ಆದಮ್ಯಾಲ ಆ ಚಿತ್ರಗಾರ ಬಂದ. ಅವರ ಆಯುಷ್ಯದಾಗ ಅವ ಬಂದು ಹೋದದ್ದು ಎರಡು ಮೂರು ವರ್ಷ. ತೊಂಬತ್ತೊಂದು ವರ್ಷದಾಗ ಎರಡು ಮೂರು. ನೀವು ಮಾತ್ರ ‘ರವಿವರ್ಮನ ಸ್ಫೂರ್ತಿ’ ಅಂತ ಶುರು ಮಾಡ್ತೀರಿ.”

1899ನ್ನು ನೆನಪಿಡಬೇಕೆಂದು ನಾವು ಹೇಳಿದ್ದು ಇದಕ್ಕಾಗಿ. ಹೇಳಿದ್ದು ನಮ್ಮ ಮಾತಲ್ಲ, ಆಕೆಯದು. ಸಾಲವನ್ನು ಒಪ್ಪಿಕೊಳ್ಳುತ್ತೇವೆ.

1920ರಲ್ಲಿ ಗುರು ನಜೀರ್ ಖಾನರು ತೀರಿಕೊಂಡರು. ಕೆಲವು ವರ್ಷಗಳಲ್ಲಿ, ನಲವತ್ತರ ಆಸುಪಾಸಿನಲ್ಲಿ, ಅಂಜನೀಬಾಯಿ ಸಾರ್ವಜನಿಕ ಕಛೇರಿಗಳನ್ನು ಬಿಟ್ಟು ಪಾಠ ಹೇಳುವುದಕ್ಕೆ ತಮ್ಮನ್ನು ಕೊಟ್ಟುಕೊಂಡರು. ಈಗ ನಮ್ಮವರ ಸರದಿ ಬರುತ್ತದೆ. ಬೆಳಗಾವಿಯ ಹತ್ತಿರ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕ, ದೊಡ್ಡ ದೊಡ್ಡ ಗವಾಯಿಗಳ ಮುದ್ರಿಕೆಗಳನ್ನು ಕೇಳಿದಂತೆಯೇ ಒಪ್ಪಿಸುತ್ತಿದ್ದವನು, ಮಠದ ಸ್ವಾಮಿಗಳಿಂದ ‘ಕುಮಾರ ಗಂಧರ್ವ’ ಎನ್ನಿಸಿಕೊಂಡು, ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಾಲೆ ಸೇರಿದನು. ದೇವಧರರ ಬಳಿ ಕಲಿಯುತ್ತಿದ್ದ ಕಾಲದಲ್ಲಿಯೇ ಅಂಜನೀಬಾಯಿಯವರಿಂದಲೂ ಪಾಠ ಹೇಳಿಸಿಕೊಂಡನು. ಒಪ್ಪಿಸುವ ಶಕ್ತಿ ಆ ಹುಡುಗನಿಗೆ ಹುಟ್ಟಿನಿಂದ ಬಂದಿತ್ತು. ಒಂದು ಸ್ವರದಲ್ಲಿ ನಿಲ್ಲುವುದನ್ನು ಮಾತ್ರ ಯಾರಾದರೂ ಕೂಡಿಸಿಕೊಂಡು ಕಲಿಸಲೇಬೇಕು.

ಮುಂದೆ ಕುಮಾರರಿಗೆ ಕ್ಷಯರೋಗ ತಗಲಿತು. 1948ರ ಸುಮಾರಿಗೆ ಹವೆಯ ಸಲುವಾಗಿ ಮಾಳವದ ದೇವಾಸಕ್ಕೆ ಹೋದರು. ಐದಾರು ವರ್ಷ ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಹಾಸಿಗೆಯ ಮೇಲೆ ಮಲಗಿ ಆ ಸೀಮೆಯ ಜನಪದ ಹಾಡುಗಳನ್ನು ಕೇಳಿಸಿಕೊಂಡು, 1953ರಲ್ಲಿ ಮತ್ತೆ ಹಾಡಲು ಕುಳಿತಾಗ ಉಸಿರು ಮೊದಲಿನಂತಿರಲಿಲ್ಲ. ಹಾಡೂ ಮೊದಲಿನದಾಗಿರಲಿಲ್ಲ, ಅವರದೇ ಆಗಿತ್ತು. ಅಂಜನೀಬಾಯಿಯ ಇನ್ನೊಬ್ಬ ಶಿಷ್ಯೆ ಕಿಶೋರಿ ಅಮೋಣಕರ್. ತಾಯಿ ಮೋಗುಬಾಯಿ ಕುರ್ಡೀಕರರೇ ಮಹಾಗಾಯಿಕೆ. ಆದರೂ ಮಗಳನ್ನು ಇವರ ಬಳಿಗೆ ಕಳಿಸಿದರು. ಆ ಕಿಶೋರಿಯವರಿಗೂ 1950ರ ದಶಕದಲ್ಲಿ ಎರಡು ವರ್ಷ ದನಿ ಹೋಗಿ ಮರಳಿತು. ದನಿ ಕಳೆದುಕೊಂಡು ಪಡೆದ ಗುರುವಿನ ಇಬ್ಬರು ಶಿಷ್ಯರಿಗೆ ಅದೇ ಪಾಡು ಬಂದದ್ದು ಕಾಕತಾಳೀಯವೇ ಇರಬೇಕು. ಆದರೆ ಆ ಕತ್ತಲೆಯ ದಿನಗಳಲ್ಲಿ, ‘ನಮ್ಮ ಬಾಯಿಯವರಿಗೂ ಹೀಗಾಗಿತ್ತು, ಅವರು ಮತ್ತೆ ಹಾಡಿದರು’ ಎಂಬುದು ಅವರಿಗೆ ತಿಳಿದಿತ್ತಲ್ಲ ಎಂದು ನೆನೆದರೆ ನಮಗೆ ಒಂದು ಬಗೆಯ ಸಮಾಧಾನವಾಗುತ್ತದೆ.

1958ರಲ್ಲಿ ಸಂಗೀತ ನಾಟಕ ಅಕಾಡೆಮಿ ತನ್ನ ಫೆಲೊ ಎಂಬ ಅತ್ಯುಚ್ಚ ಗೌರವವನ್ನು ಅಂಜನೀಬಾಯಿಯವರಿಗೆ ಕೊಟ್ಟಿತು. ಆ ಗೌರವ ಪಡೆದ ಮೊದಲ ಮಹಿಳೆ ಅವರು. ಕೊಟ್ಟದ್ದು ಸಂಗೀತಕ್ಕೆ, ಚಿತ್ರಕ್ಕೆ ಕೂತದ್ದಕ್ಕಲ್ಲ. 1974ರ ಆಗಸ್ಟ್ 7ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ತೀರಿಕೊಂಡರು. ಅವರ ದನಿಯನ್ನು ನಾವು ಕೇಳಿದವರಲ್ಲ. ಕುಮಾರರ ದನಿ ಕೇಳಿದ್ದೇವೆ.

ಇಷ್ಟು ಮಾತಾದ ಮೇಲೆ ನಾವು ಸಹಜವಾಗಿ, “ಈ ಸಲದ ಅಂಕಣಕ್ಕೆ ವಿಷಯ ಸಿಕ್ಕಿತು” ಎಂದು ಕೈ ಉಜ್ಜಿಕೊಂಡೆವು. ಮನೆಯಾಕೆ ನಮ್ಮ ಮುಖ ನೋಡಿದಳು.

“ಬರೀರಿ. ಎಲ್ಲಾರೂ ಕೂತವರ ಬಗ್ಗೆ ಬರಿಯೂದ ಅದ. ಆ ಹುಸೇನ್ ಖಾನಗ ಸೊಳ್ಳಿಗೊಂದಾಣೆರ ಸಿಕ್ತು. ನನಗೇನು ಸಿಕ್ಕದ, ಹೇಳ್ರಿ?”

ಸೊಸೆಮುದ್ದು ನಕ್ಕಳು. ನಾವೂ ನಗಲು ಹೊರಟು, ಆಕೆ ನಗುತ್ತಿಲ್ಲವೆಂದು ಕಂಡು ನಿಲ್ಲಿಸಿದೆವು.

ಈ ಪುಟದ ಹಳೆಯ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ವರ್ಷ ಈ ಅಂಕಣ ನಡೆದದ್ದೇ ಆಕೆಯ ಮೇಲೆ. ಆಕೆಯ ಸಾರು, ಮೊಂಡಾ ಮಾರ್ಕೆಟ್ಟಿನಲ್ಲಿ ಆಕೆ ಮಾಡುವ ಚೌಕಾಸಿ, ಮೆಟ್ರೋ ರೈಲಿನ ಚಲಿಸುವ ಮೆಟ್ಟಿಲಿಗೆ ಆಕೆ ಹೆದರಿದ್ದು, ತೆಲುಗಿನಲ್ಲಿ ತರಕಾರಿಯವಳೊಡನೆ ಆಡಿದ ಮಾತು ತಿರುವುಮುರುವಾದದ್ದು. ಸಂಘದ ಸಮಾರಂಭಗಳಲ್ಲಿ ಜನ ಆಕೆಯನ್ನು ಸುತ್ತಿಕೊಂಡು, “ಸಾರಿನ ಕಥೆಯ ಅಮ್ಮನವರು ನೀವೇ ಅಲ್ಲವೆ?” ಎಂದು ಕೇಳುವಾಗ ಆಕೆ ಮುಗುಳ್ನಗುತ್ತಿದ್ದಳು. ಆ ನಗೆಯನ್ನು ನಾವು ಒಪ್ಪಿಗೆಯೆಂದು ತಿಳಿದೆವು. ನವಾಬರ ಕಾಲದ ಚಿತ್ರಕಾರರೂ ಹಾಗೆಯೇ ತಿಳಿಯುತ್ತಿದ್ದಿರಬಹುದು.

ಇದೆಲ್ಲಕ್ಕಿಂತ ಕೆಟ್ಟದ್ದೊಂದಿದೆ. ಹನ್ನೊಂದು ವರ್ಷದ ಹಿಂದೆ ‘ಅಟ್ಟದ ಮೇಲಿನ ಕುಂಬಳಕಾಯಿ’ ಎಂಬ ಲೇಖನವನ್ನು ಇಲ್ಲಿಯೇ ಬರೆದಿದ್ದೆವು. ನಗೆಗೀಡಾದದ್ದು ಆಕೆಯ ತಂಬೂರಿ. ಮಿರಜಿನಲ್ಲಿ ಮಾಡಿದ್ದು, ಮದುವೆಯಾಗಿ ಬರುವಾಗ ತೌರಿನಿಂದ ತಂದದ್ದು. ಆಕೆ ಧಾರವಾಡದಲ್ಲಿ ಏಳು ವರ್ಷ ಸಂಗೀತ ಕಲಿತಿದ್ದಳು. ಬಂದ ಹೊಸತರಲ್ಲಿ ಒಂದೆರಡು ಬಾರಿ ಬೆಳಗಿನ ಜಾವ ಶ್ರುತಿ ಹಿಡಿದು ಕುಳಿತದ್ದುಂಟು. ನಮ್ಮ ತಾಯಿಯವರಿಗೆ ನಿದ್ದೆ ಕೆಡುತ್ತಿತ್ತು, ನಮಗೆ ಆಫೀಸಿಗೆ ಡಬ್ಬಿ ತಡವಾಗುತ್ತಿತ್ತು. ಯಾರೂ ಬೇಡವೆನ್ನಲಿಲ್ಲ. ಬೇಡವೆನ್ನಬೇಕಾಗಿಯೂ ಬರಲಿಲ್ಲ. ತಂಬೂರಿ ಗವಸಣಿಯೊಳಗೆ ಸೇರಿ ಅಟ್ಟ ಹತ್ತಿತು. ಮನೆ ಬದಲಿಸಿದಾಗಲೆಲ್ಲ ಒಂದು ಅಟ್ಟದಿಂದ ಇನ್ನೊಂದು ಅಟ್ಟಕ್ಕೆ ಹೋಯಿತು. ಆ ಪ್ರಯಾಣವನ್ನು ನಾವು ಬಹು ತಮಾಷೆಯಾಗಿ ವರ್ಣಿಸಿದ್ದೆವು. ಮೆಚ್ಚುಗೆಯ ಪತ್ರಗಳು ಬಂದವು. ಸಂಪಾದಕರು ವಾರ್ಷಿಕ ಸಂಚಿಕೆಯಲ್ಲಿ ಮರುಮುದ್ರಣ ಮಾಡಿದರು. ಆಕೆ ಓದಿ ಏನೂ ಹೇಳಲಿಲ್ಲ. ಹನ್ನೊಂದು ವರ್ಷ ಏನೂ ಹೇಳಲಿಲ್ಲ.

ಅಂದು ಹೇಳಿದಳು. ಏನು ಹೇಳಿದಳೆಂಬುದನ್ನು ಬರೆಯುವುದಿಲ್ಲ. ಇದು ಆಜ್ಞೆಯಿಂದಲ್ಲ, ನಮಗೇ ಆಗದು.

ಮಾರನೆಯ ದಿನ ಬಣ್ಣದವನ ಏಣಿ ಇನ್ನೂ ಮನೆಯಲ್ಲಿದ್ದದ್ದು ಅನುಕೂಲವಾಯಿತು. ಸೊಸೆಮುದ್ದು ಹತ್ತಿದಳು, ನಾವು ಏಣಿ ಹಿಡಿದೆವು. ಗವಸಣಿ ಇಲಿ ಕಡಿದು ಜಾಳಾಗಿತ್ತು. ಕುಂಬಳ ಸೀಳಿರಲಿಲ್ಲ, ತಂತಿಗಳೆಲ್ಲ ತುಕ್ಕು ಹಿಡಿದಿದ್ದವು, ಒಂದು ಬಿರಡೆ ಬಿಗಿದು ತಿರುಗದೆ ಕೂತಿತ್ತು. ಸಿಕಂದರಾಬಾದಿನಲ್ಲಿ ವಾದ್ಯ ರಿಪೇರಿ ಮಾಡುವವರೊಬ್ಬರನ್ನು ಹುಡುಕಿ ಒಯ್ದೆವು. ಅವರು ಹಾಲಿನ ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡು, ತಟ್ಟಿ ನೋಡಿ, ಇಂಥ ಕುಂಬಳ ಈಗ ಸಿಕ್ಕುವುದಿಲ್ಲ ಎಂದರು. ಕುಂಬಳವೆಂಬ ಶಬ್ದ ಕೇಳಿ ನಾವು ನೆಲ ನೋಡಿದೆವು.

ಈಗ ನಮ್ಮ ಮನೆಯಲ್ಲಿ ಬೆಳಗಿನ ಐದು ಗಂಟೆಯಿಂದ ಆರೂವರೆಯವರೆಗೆ ಕಾಫಿಯ ಖಾತೆ ನಮ್ಮದು. ಮೇಲಿನ ಮನೆಯವರು ಮೊದಲ ವಾರ ಬಂದು, ಏನು ಸದ್ದು ಎಂದು ವ್ಯಾಕುಲರಾಗಿ ವಿಚಾರಿಸಿದರು. ಎರಡನೆಯ ವಾರ ಅವರ ಹತ್ತು ವರ್ಷದ ಮಗಳು ತಾನೂ ಕಲಿಯಬಹುದೆ ಎಂದು ಬಂದಳು. ಆಕೆಯ ದನಿ ಒಡೆದಿದೆ. ಮೇಲಿನ ಷಡ್ಜಕ್ಕೆ ಹೋದಾಗ ಹಿಡಿತಕ್ಕೆ ಸಿಕ್ಕುವುದಿಲ್ಲ. ನಾವು ಸಮಾಧಾನ ಹೇಳಲು ಹೋದೆವು. “ಹೋಗಲಿ ಬಿಡ್ರಿ, ಮಂದ್ರ ಅದಲ್ಲ” ಎಂದು ಕೆಳಗಿನ ಸ್ವರಗಳಲ್ಲಿಯೇ ಒಂದು ತಾಸು ಕಳೆದಳು. ಕಾಫಿ ಆರಿತು.

ನವೆಂಬರದ ರಾಜ್ಯೋತ್ಸವಕ್ಕೆ ಸಂಘದ ಹೆಂಗಸರ ಪೈಕಿ ಯಾರಾದರೂ ಹಾಡುವಿರಾ ಎಂದು ಕಾರ್ಯದರ್ಶಿಗಳು ಪ್ರತಿ ವರ್ಷ ಕೇಳುತ್ತಾರೆ. ಈ ವರ್ಷ ಆಕೆ ಹೂಂ ಎಂದಳು. ಇಪ್ಪತ್ತು ನಿಮಿಷ, ಹಂಸಧ್ವನಿ. ಮೊನ್ನೆ ಆಮಂತ್ರಣ ಪತ್ರಿಕೆಯ ಕರಡು ನಮ್ಮ ವಿಳಾಸಕ್ಕೆ ಬಂತು, ತಪ್ಪು ತಿದ್ದಿಕೊಡಬೇಕೆಂದು. ಅದರಲ್ಲಿ ಗಾಯನದ ಸಾಲಿನಲ್ಲಿ ‘ಶ್ರೀಮತಿ’ ಎಂದು ಬರೆದು ಮುಂದೆ ನಮ್ಮ ಹೆಸರನ್ನು ಅಚ್ಚು ಹಾಕಿದ್ದರು, ಬ್ರಾಕೆಟ್ಟಿನಲ್ಲಿ ‘ಪಡಸಾಲೆಯ ಮಾತು ಅಂಕಣಕಾರರ ಪತ್ನಿ’ ಎಂದು. ಕಾರ್ಯದರ್ಶಿಗಳದು ಸದುದ್ದೇಶವೇ, ನಮ್ಮನ್ನು ಕೇಳಿದ್ದರೆ ಹಿಂದಿನ ತಿಂಗಳು ನಾವೂ ಹಾಗೆಯೇ ಬರೆದುಕೊಡುತ್ತಿದ್ದೆವು.

ಆಕೆ ನಮ್ಮ ಮೇಜಿನಿಂದ ಕೆಂಪು ಪೆನ್ನು ತೆಗೆದುಕೊಂಡು ಆ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ಹೊಡೆದುಹಾಕಿದಳು. ಪಕ್ಕದಲ್ಲಿ ತನ್ನ ಹೆಸರು ಬರೆದಳು. ಅದರ ಕೆಳಗೆ ಧಾರವಾಡದ ತನ್ನ ಗುರುಗಳ ಹೆಸರು ಬರೆದಳು. ಅಕ್ಷರ ದುಂಡಗಿದೆ. ಅಷ್ಟು ಸಾವಕಾಶವಾಗಿ ಆಕೆ ತನ್ನ ಹೆಸರು ಬರೆದದ್ದನ್ನು ನಾವು ಕಂಡದ್ದು ಮದುವೆಯ ನೋಂದಣಿಯ ದಿನ ಒಂದು, ಅಂದು ಒಂದು.

ಆ ಹೆಸರೇನೆಂದು ಇಲ್ಲಿ ಬರೆಯೋಣವೆಂದಿದ್ದೆವು, ಅಪ್ಪಣೆಯಾಗಲಿಲ್ಲ. “ನಿಮ್ಮ ಲೇಖನದಾಗ ಬ್ಯಾಡ, ಆಮಂತ್ರಣದಾಗ ಬರ್ತದ, ಅಲ್ಲಿ ಓದಿಕೊಳ್ಳಲಿ” ಎಂದಿದ್ದಾಳೆ. ಸರಸ್ವತಿಗೆ ಹೊಸ ಗಾಜು ಹಾಕಿಸಿ ಮೊಳೆಗೆ ತಗಲಿಸಿದ್ದೇವೆ; ಸ್ವಲ್ಪ ಓರೆಯಾಗಿದೆ, ಭಾನುವಾರ ಸರಿಪಡಿಸಬೇಕು.